ಕೇತನ ರಕ್ತ

ಕಾಡಂಚಿನ ಹೊಳೆದಂಡೆಯಲ್ಲಿ ಒಂದು ಆಶ್ರಮ. ಗುರುಗಳಿಗೆ ವಯಸ್ಸಾಗಿತ್ತು, ಮಾತು ಕಡಿಮೆ. ಶಿಷ್ಯ ಕೇತ ಸೋಲಿಗರವನು. ಅವನದೂ ಮಾತು ಕಡಿಮೆಯೇ, ಆದರೆ ಆ ದಿನ ತಡೆದುಕೊಳ್ಳಲಾಗಲಿಲ್ಲ.

ಅಕ್ಕನ ಮಗುವನ್ನು ಮಣ್ಣು ಮಾಡಿ ನೇರ ಬಂದಿದ್ದ.

"ಬುದ್ಧಿ, ಕೂಸು ಕೀಲುನೋವು ತಾಳನಾರದೆ ಅತ್ತು ಅತ್ತು ಹೋಯ್ತು. ರಕ್ತದ ಕಣ ಕುಡುಗೋಲಿನಂಗೆ ಬಾಗೋ ಕುಡುಗೋಲು ರೋಗ ಅಂದ್ರು ಆಸ್ಪತ್ರೇಲಿ. ಅಪ್ಪಂದು ಅರ್ಧ, ಅವ್ವಂದು ಅರ್ಧ ಸೇರಿ ಬಂತಂತೆ. ನನ್ನ ರಕ್ತವೂ ನೋಡಿದ್ರು. ನನ್ನಲ್ಲೂ ಆ ಅರ್ಧ ಅದೆ. ನಮ್ಮ ಕುಲಕ್ಕೆ ಯಾಕೆ ಈ ಶಾಪ?"

ಗುರುಗಳು ಕೋಲು ಹಿಡಿದು ಎದ್ದರು. ಹೊಳೆ ದಾಟಿಸಿ, ಮುಳ್ಳುಪೊದೆಗಳ ನಡುವೆ ಹಾಳುಬಿದ್ದ ಒಂದು ಜಾಗಕ್ಕೆ ಕರೆದೊಯ್ದರು. ಅಲ್ಲಿ ಸಾಲು ಸಾಲು ಸಮಾಧಿಕಲ್ಲುಗಳಿದ್ದವು.

"ಇವರು ಯಾರು?" ಗುರುಗಳು ಕೇಳಿದರು.

"ಮರ ಕಡಿಯಾಕೆ ಬಯಲುಸೀಮೆಯಿಂದ ಬಂದೋರು ಬುದ್ಧಿ. ಚಳಿಜ್ವರಕ್ಕೆ ಸತ್ರು ಅಂತ ನಮ್ಮಜ್ಜಿ ಹೇಳೋಳು. ಗುಂಡಿ ತೋಡಿದ್ದು ನಮ್ಮೋರೇ. ಅವರಲ್ಲಿ ತೋಡಾಕೆ ಯಾರೂ ಉಳಿದಿರಲಿಲ್ಲ."

"ನಿಮ್ಮಜ್ಜಿಗೆ ಸೊಳ್ಳೆ ಕಚ್ಚಲಿಲ್ವೇನೋ?"

"ಕಚ್ಚದೆ ಬಿಟ್ಟದಾ? ಜ್ವರಾನೂ ಬಂತಂತೆ. ಎದ್ದು ಓಡಾಡಿಕೊಂಡಿದ್ಲು."

"ನಿನ್ನಲ್ಲಿರೋ ಅರ್ಧ ಅವಳಲ್ಲೂ ಇದ್ದಿರಬೇಕು. ಅಷ್ಟು ಇದ್ದವರನ್ನ ಚಳಿಜ್ವರ ಸುಲಭಕ್ಕೆ ಕೊಲ್ಲಲಾರದು. ಶಾಪ ಅಂದೆ. ಅವಳು ಉಳಿದದ್ದಕ್ಕೇ ನೀನಿದ್ದೀಯ."

ಕೇತ ಕಲ್ಲಿನ ಮೇಲೆ ಕೈಯಿಟ್ಟ. ಸತ್ತವರನ್ನು ನೆನೆದು ದುಃಖವಾಯಿತು. ಎದೆ ಹಗುರವೂ ಆಯಿತು. ಹಗುರವಾದದ್ದೇ ಎಡವಟ್ಟಾಯಿತು.

"ಹಂಗಾದ್ರೆ ನಾಳೆ ಮಾದಿಯ ಕರ್ಕೊಂಡು ಕಾಡಿಗೆ ಹೋಯ್ತೀನಿ ಬುದ್ಧಿ."

ಮನಸ್ಸು ಕೂಡಿದ ಗಂಡು ಹೆಣ್ಣು ಯಾರಿಗೂ ಹೇಳದೆ ಕಾಡಿಗೆ ಹೋಗುವುದು, ಹಿಂತಿರುಗಿದ ಮೇಲೆ ಹಿರಿಯರು ಒಪ್ಪಿ ಮದುವೆ ಮಾಡುವುದು ಅವರಲ್ಲಿ ಹಳೆಯ ಪದ್ಧತಿ. ಗುರುಗಳಿಗೆ ಅದು ಗೊತ್ತಿತ್ತು.

"ಅವಳ ರಕ್ತ ನೋಡಿಸಿದ್ದಾರೇನೋ?"

"ಇಲ್ಲ."

"ನಿನ್ನ ರಕ್ತದ ವಿಷಯ ಅವಳಿಗೆ ಹೇಳಿದ್ದೀಯಾ?"

ಕೇತ ತಲೆ ತಗ್ಗಿಸಿದ.

"ಹೇಳಿದ್ರೆ ಬರಾಕಿಲ್ಲ ಅಂತ ಭಯ ಬುದ್ಧಿ."

ಗುರುಗಳಿಗೆ ಸಂಕಟವಾಯಿತು. ಕೋಲೂರಿ ನಿಧಾನವಾಗಿ ನೆಲದ ಮೇಲೆ ಕುಳಿತು, ಅವನನ್ನೂ ಎದುರು ಕೂರಿಸಿಕೊಂಡರು.

"ಕೇತ, ಅವಳಲ್ಲೂ ಅರ್ಧ ಇದ್ದು, ನಿಮ್ಮ ಕೂಸು ನೋವಿಂದ ಚೀರೋ ದಿನ ಬಂದರೆ, 'ನಿನಗೆ ಮೊದಲೇ ಗೊತ್ತಿತ್ತಾ' ಅಂತ ಮಾದಿ ಕೇಳ್ತಾಳೆ. ಅವತ್ತು ಅವಳಿಗೆ ಏನು ಹೇಳ್ತೀಯೋ, ಅದನ್ನ ಈಗ ನನಗೆ ಹೇಳು. ಆಮೇಲೆ ಹೋಗು."