ಕಿವಿ ಮಾನೋಜಿ ಮತ್ತು ಕಿರುಚುವ ಚಕ್ರ

ಬಲು ಹಿಂದೆ, ಗಾಳಿಗುಡ್ಡದ ನೆತ್ತಿಯ ಮೇಲೆ ಒಂದೂರಿತ್ತಂತೆ. ಇಸವಿ ಕೇಳಬೇಡಿ, ಇಸವಿ ಗೊತ್ತಿದ್ದವರು ಆ ಊರಲ್ಲಿ ಯಾರೂ ಇರಲಿಲ್ಲ. ಕಾರು ಬಂದಿತ್ತು, ಬಸ್ಸು ಬಂದಿರಲಿಲ್ಲ, ಅಷ್ಟು ತಿಳಿದುಕೊಳ್ಳಿ ಸಾಕು. ಇಡೀ ಊರಿಗೆ ಒಂದೇ ಕಾರು. ಘಾಟಿಯಲ್ಲಿ ಆಗೊಂದು ಈಗೊಂದು ಲಾರಿ. ಇವೆಲ್ಲಕ್ಕೂ ಒಬ್ಬನೇ ಮೇಸ್ತ್ರಿ, ಮಾನೋಜಿ. ಕಿವಿ ಮಾನೋಜಿ ಅಂತಾರೆ.

ಕಿವಿ ಅಂದರೆ ಎಂಥ ಕಿವಿ! ನನ್ನದೂ ಸಾಮಾನ್ಯದ ಕಿವಿಯಲ್ಲ, ಪಕ್ಕದೂರಲ್ಲಿ ಹಪ್ಪಳ ಮುರಿದರೆ ನನಗಿಲ್ಲಿ ಎಚ್ಚರವಾಗುತ್ತದೆ. ಆದರೆ ಮಾನೋಜಿಯ ಮುಂದೆ ನಾನು ಹುಟ್ಟು ಕಿವುಡ. ಉಣ್ಣುತ್ತಾ ಕೂತವನು ತುತ್ತು ನಿಲ್ಲಿಸಿ, ಮೂರು ತಿರುವಿನಾಚೆ ಲಾರಿ ಬರ್ತಿದೆ, ಹಿಂದಿನ ಬಲಚಕ್ರಕ್ಕೆ ನೆಗಡಿ ಅನ್ನುತ್ತಿದ್ದನಂತೆ. ಬೇವಿನ ಕಡ್ಡಿಯ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿ ಕಬ್ಬಿಣಕ್ಕೆ ತಾಗಿಸಿದರೆ ಕಬ್ಬಿಣ ತನ್ನ ನೋವೆಲ್ಲ ತೋಡಿಕೊಳ್ಳುತ್ತಿತ್ತಂತೆ. ಅವನು ಕಣ್ಣುಮುಚ್ಚಿ ಕೇಳಲು ಕೂತರೆ ಗಾಳಿಗುಡ್ಡದ ಗಾಳಿಯೇ ನಿಲ್ಲುತ್ತಿತ್ತು, ಮಂಜು ಬಂದು ಪಕ್ಕದಲ್ಲಿ ಮಂಡಿಯೂರಿ ಕೂರುತ್ತಿತ್ತು ಅಂತಾರೆ.

ಆ ಒಂದೇ ಕಾರು ಪಾಲಾಕ್ಷ ಅನ್ನುವವನದು. ಅವನ ಹೆಂಡತಿ ಹೊನ್ನಮ್ಮ ತುಂಬಿದ ಬಸುರಿ. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಮಲಗಿದೆ, ಇದು ನನ್ನ ಕೈಯಲ್ಲಾಗುವ ಹೆರಿಗೆಯಲ್ಲ, ನೋವು ಶುರುವಾಗುವ ಮೊದಲೇ ಕೆಳಗಿನ ಪೇಟೆಯ ಆಸ್ಪತ್ರೆಗೆ ಇಳಿಸಿ ಅಂದಳಂತೆ. ಇಳಿಸುವುದು ಅಂದರೆ ಘಾಟಿ. ಘಾಟಿ ಅಂದರೆ ಬ್ರೇಕು. ಪಾಲಾಕ್ಷ ಓಡಿಬಂದು, ಮೇಸ್ತ್ರೀ, ಹಳೆಯದೆಲ್ಲ ಕಿತ್ತು ಹೊಸದು ಹಾಕು ಅಂದನಂತೆ.

ಮಾನೋಜಿ ಪಾಲಾಕ್ಷನ ಮನೆ ಮುಂದೆಯೇ ಕೂತು ಹಾಕಿದ. ಚಕ್ರದೊಳಗೆ ತಿರುಗುವ ಕಬ್ಬಿಣದ ತಟ್ಟೆ ಇರುತ್ತದಲ್ಲ, ಡಿಸ್ಕು, ಅದೂ ಹೊಸದು. ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡೂ ಹೊಸದು. ನಡುವೆ ಚಹಾ ಕುಡಿದು ಬಂದ. ಬಂದು ನೋಡಿದರೆ ಎಡಗಡೆಯ ಡಿಸ್ಕು ಬೆಳ್ಳಿ ತಟ್ಟೆಯ ಹಾಗೆ ಫಳಫಳ! ಆಹಾ, ನನ್ನ ಕೈಗುಣವೇ ಕೈಗುಣ ಅಂತ ಹಿಗ್ಗಿ, ಚಕ್ರ ಏರಿಸಿ ನಟ್ಟು ಬಿಗಿದನಂತೆ.

ಒಂದು ಸುತ್ತು ನೋಡೋಣವೆಂದು ಕಾರು ಹೊರಟಿತು. ಪಾಲಾಕ್ಷ ಬ್ರೇಕು ಒತ್ತಿದ. ಅಯ್ಯಯ್ಯೋ! ಹೆತ್ತ ಕರು ಕಳಕೊಂಡ ಹಸುವಿನ ಹಾಗೆ ಚಕ್ರ ಕಿರುಚಿಕೊಂಡಿತಂತೆ. ಮರದ ಮೇಲಿನ ಬೆಳ್ಳಕ್ಕಿಗಳೆಲ್ಲ ಎದ್ದು, ಮತ್ತೆಂದೂ ಆ ಮರಕ್ಕೆ ಬರಲಿಲ್ಲ ಅಂತಾರೆ. ಕಾರು ನಿಲ್ಲುವುದಿರಲಿ, ಒಂದು ಮಗ್ಗುಲಿಗೆ ಎಳೆಯಿತು.

ಪಾಲಾಕ್ಷನ ಅತ್ತೆ ದೇವೀರಮ್ಮ ಬಾಗಿಲಿಗೆ ಅಡ್ಡ ನಿಂತಳು. ಘಾಟಿಯ ಮೊಣಕೈ ತಿರುವಿನ ಗುಡಿಯಲ್ಲಿ ಕೂತಿರುವ ತಾಯಿ ತಿರುವಮ್ಮ ಬೇಡ ಅಂತ ಅಳುತ್ತಿದ್ದಾಳೆ, ಅಳುವ ಗಾಡಿಯಲ್ಲಿ ನನ್ನ ಮಗಳನ್ನು ಕೂರಿಸುವುದಿಲ್ಲ ಅಂದಳಂತೆ. ಒಳಗಿಂದ ಹೊನ್ನಮ್ಮ ನರಳಿದಳು. ನೋವು ಶುರುವಾಗಿತ್ತು.

ಮಾನೋಜಿ ಕಡ್ಡಿ ಕಚ್ಚಿ ಕೂತ. ಗಾಳಿ ನಿಂತಿತು, ಮಂಜು ಮಂಡಿಯೂರಿತು. ಡಿಸ್ಕಿನ ಹಿಂದಿನ ತಗಡು ಬಾಗಿ ತಾಗುತ್ತಿದೆಯೋ ಅಂತ ಕೇಳಿದ, ಇಲ್ಲ. ನಡುವೆ ಕಲ್ಲು ಸಿಕ್ಕಿದೆಯೋ, ಇಲ್ಲ. ಪ್ಯಾಡು ಹಿಡಿಯುವ ಕ್ಲಿಪ್ಪು ಸಡಿಲವೋ, ಪಿನ್ನಿನ ಗ್ರೀಸು ಒಣಗಿದೆಯೋ, ಇಲ್ಲ. ಮೊದಲ ಸಲ ಕಬ್ಬಿಣ ಅವನಿಗೆ ಏನೂ ಹೇಳಲಿಲ್ಲವಂತೆ. ಮೇಸ್ತ್ರಿಯ ಮುಖ ಕೆಂಡದ ಮೇಲಿನ ಬೂದಿಯ ಹಾಗಾಯಿತು. ಚಕ್ರ ಬಿಚ್ಚಿ, ಸೋತವನ ಹಾಗೆ ಹಣೆಯನ್ನು ಡಿಸ್ಕಿಗೆ ಒರಗಿಸಿದ. ಮೂಗಿಗೆ ಏನೋ ಬಡಿಯಿತು.

"ಪಾಲಾಕ್ಷಾ, ಇದೇನೋ, ನಿನ್ನ ಗಾಡಿ ಗರ್ಭಗುಡಿ ವಾಸನೆ ಹೊಡೀತದೆ?"

ದೇವೀರಮ್ಮ ಮೆಲ್ಲಗೆ ಸೆರಗು ಬಾಯಿಗಿಟ್ಟಳಂತೆ. ಆಗಿದ್ದು ಇಷ್ಟೇ. ಮೇಸ್ತ್ರಿ ಚಹಾಕ್ಕೆ ಹೋದಾಗ, ಮಗಳನ್ನು ಹೊತ್ತೊಯ್ಯುವ ಹೊಸ ತಟ್ಟೆ ಅಂತ, ತಿರುವಮ್ಮನ ದೀಪಕ್ಕೆಂದು ಮನೆಯಲ್ಲಿಟ್ಟಿದ್ದ ಹರಳೆಣ್ಣೆ ತಂದು, ಮದುಮಗಳಿಗೆ ಹಚ್ಚುವ ಹಾಗೆ ಎಡಗಡೆಯ ಡಿಸ್ಕಿಗೆ ಹಚ್ಚಿ, ಸೆರಗಲ್ಲಿ ಒರೆಸಿ ಮಿಂಚಿಸಿದ್ದಳು. ಕಿವಿಯ ಗರ್ವದಲ್ಲಿ ಮಾನೋಜಿ ಕಣ್ಣನ್ನೇ ಮರೆತಿದ್ದ.

ಪಾಲಾಕ್ಷ ರೇಗಿದ. ಅತ್ತೆಯೂ ಬಿಡಲಿಲ್ಲ. ದೇವರ ಎಣ್ಣೆ, ಒರೆಸಿದರೆ ಕೇಡು, ಮುಟ್ಟಿದರೆ ನೋಡು ಅಂದಳು. ಒಳಗೆ ನರಳಿಕೆ ಜೋರಾಯಿತು.

ಮಾನೋಜಿ ಕೂಗಾಡಲಿಲ್ಲ. ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಮದುಮಗಳಿಗೆ ಎಣ್ಣೆ ಹಚ್ಚಿ ಹಾಗೇ ಹಸೆಗೆ ಕೂರಿಸ್ತೀಯಾ?"

"ಅದೆಂಗೆ? ನೀರೆರೀಬೇಕು."

"ಮತ್ತೆ? ಎಣ್ಣೆ ಹಚ್ಚಿದ ಕೈಯೇ ನೀರೆರೀಲಿ."

ದೇವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಹೆರಿಗೆಗೆಂದು ಕಾಯಿಸಿಟ್ಟಿದ್ದ ಬಿಸಿನೀರನ್ನೇ ತಂದು, ಸೀಗೆಪುಡಿ ಹಾಕಿ, ಡಿಸ್ಕನ್ನು ಮಗುವಿನ ಬೆನ್ನಿನ ಹಾಗೆ ತಿಕ್ಕಿ ತಿಕ್ಕಿ ತೊಳೆದಳಂತೆ. ಬಿಳಿ ಬಟ್ಟೆಯಲ್ಲಿ ಒರೆಸಿದಳು. ಎಣ್ಣೆ ಮೆತ್ತಿದ ಆ ಬಟ್ಟೆಯನ್ನು ಮಾನೋಜಿ ಎಸೆಯಗೊಡಲಿಲ್ಲ. ಬತ್ತಿ ಹೊಸೆಯಕ್ಕಾ, ತಿರುವಮ್ಮನದು ಅವಳಿಗೇ ಹೋಗಲಿ ಅಂದ. ಎಣ್ಣೆ ಹೀರಿದ ಪ್ಯಾಡು ಮಾತ್ರ ಕಿತ್ತೆಸೆದು ಬೇರೆ ಹೊಸ ಜೊತೆ ಹಾಕಿದ. ಎಣ್ಣೆ ಕುಡಿದ ಪ್ಯಾಡೂ ಹೆಂಡ ಕುಡಿದ ಡ್ರೈವರೂ ಒಂದೇ, ಆಣೆ ಇಟ್ಟರೂ ನಂಬಬಾರದು ಅನ್ನುತ್ತಿದ್ದನಂತೆ.

ಹೊನ್ನಮ್ಮನನ್ನು ಮಲಗಿಸಿ ಹೊರಟರು. ಊರಾಚೆಯ ಸಮ ದಾರಿಯಲ್ಲಿ ಮಾನೋಜಿ, ಮೆಲ್ಲಗೆ ಒತ್ತು, ಬಿಡು, ಮತ್ತೆ ಒತ್ತು ಅನ್ನುತ್ತಾ ಬಂದ. ಪಾಲಾಕ್ಷ ಅವಸರ ಮಾಡಿದರೆ, ಹೊಸ ಗಂಡಹೆಂಡಿರು ಕಣೋ, ಮೊದಲ ದಿನವೇ ಗದರಿಸಿದರೆ ಜನ್ಮವಿಡೀ ಕಿರಿಕಿರಿ ಅಂದ. ಡಿಸ್ಕೂ ಪ್ಯಾಡೂ ಒಂದನ್ನೊಂದು ಅರಿತುಕೊಂಡವು. ಮೊಣಕೈ ತಿರುವು ಬಂತು. ಮುದುಕಿ ಕೆಳಗಿಳಿದು ಬತ್ತಿ ಹಚ್ಚಿಟ್ಟಳು. ಅಲ್ಲಿಂದ ಕೆಳಕ್ಕೆ ಕಾರು ಇಳಿಯಿತೋ, ಮೋಡ ಇಳಿಯಿತೋ, ಯಾರಿಗೂ ತಿಳಿಯಲಿಲ್ಲವಂತೆ. ದಾರಿ ತಾನೇ ಕೆಳಗೆ ಹರಿಯಿತು ಅಂತಾರೆ. ಅಷ್ಟು ನಿಶ್ಶಬ್ದ.

ಆಸ್ಪತ್ರೆಯಲ್ಲಿ ಕೂಸು ಹುಟ್ಟಿತು. ಅಳಲಿಲ್ಲ. ಮಾನೋಜಿ ಹೊರಗೋಡೆಗೆ ಕಿವಿಯಿಟ್ಟು, ಬೆರಳೆತ್ತಿ, ತಡೀರಿ, ಬರ್ತಾ ಇದೆ, ಇನ್ನೊಂದೇ ತಿರುವಿನಲ್ಲಿದೆ ಅಂದನಂತೆ. ಅಂದದ್ದೇ ತಡ, ಪೇಟೆಯೆಲ್ಲ ತಿರುಗಿ ನೋಡುವ ಹಾಗೆ ಹೆಣ್ಣುಕೂಸು ಕಿರುಚಿತು. ಆಯುಷ್ಯವಿಡೀ ಸದ್ದು ಅಡಗಿಸಿದ ಮೇಸ್ತ್ರಿ ಆ ಸದ್ದಿಗೆ ಮಾತ್ರ ಕಣ್ಣೊರೆಸಿಕೊಂಡು, ಇದನ್ನು ರಿಪೇರಿ ಮಾಡಬೇಡಿ ಅಂದನಂತೆ.

ಅವನು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ನಮ್ಮ ಘಾಟಿಯಲ್ಲಿ ಹೊಸ ಬ್ರೇಕು ಹಾಕಿಸಿದವರು ಡಿಸ್ಕು ಒರೆಸಿದ ಬಟ್ಟೆಯಲ್ಲಿ ಬತ್ತಿ ಹೊಸೆದು ತಿರುವಮ್ಮನ ಮುಂದೆ ಹಚ್ಚುತ್ತಾರೆ. ಕುಂಕುಮ ಬಾನೆಟ್ಟಿಗೆ, ಚಕ್ರಕ್ಕಲ್ಲ. ಆಮೇಲೆ ಕಿಟಕಿ ಇಳಿಸಿ, ಮಾತು ನಿಲ್ಲಿಸಿ, ಮೆಲ್ಲಗೆ ತಿರುವು ಇಳಿಯುತ್ತಾರೆ. ಚಕ್ರ ಸುಮ್ಮನಿದ್ದರೆ ಆಚೆ ದಾಟಿ ಒಂದೇ ಒಂದು ಸಲ ಹಾರ್ನು ಒತ್ತುತ್ತಾರೆ. ಅದು ಆ ಕೂಸಿನ ಕೂಗು ಅಂತಾರೆ. ಅದು ಕೇಳಿದಾಗ ಗಾಳಿಗುಡ್ಡದ ಗಾಳಿ ಒಂದು ಕ್ಷಣ ನಿಲ್ಲುತ್ತದೆ. ನನ್ನ ಕಿವಿಯಾರೆ ಕೇಳಿದ್ದೇನೆ.