ಗೋಡೆ ಒಡೆದ ಮಂಗಟ್ಟೆ

ಮಕ್ಕಳೇ, ಮಂಗಟ್ಟೆ ಹಕ್ಕಿಗಳದ್ದೊಂದು ವಿಚಿತ್ರ ಪದ್ಧತಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣುಹಕ್ಕಿ ಮರದ ಪೊಟರೆಯೊಳಗೆ ಕೂತು, ಬಾಗಿಲಿಗೆ ಮಣ್ಣಿನ ಗೋಡೆ ಕಟ್ಟಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸಂದಿ. ಒಳಗೆ ಅದರ ರೆಕ್ಕೆಗರಿಗಳೂ ಉದುರಿಹೋಗುತ್ತವೆ. ಆಮೇಲೆ ಗಂಡು ತಂದದ್ದೇ ಊಟ, ಹೇಳಿದ್ದೇ ಸುದ್ದಿ.

ಹೊಳೆದಂಡೆಯ ಕಾಡಿನಲ್ಲಿ ತುಂಗಿ ಎಂಬ ಮಂಗಟ್ಟೆ ಹಾಗೆ ಎರಡು ಮೊಟ್ಟೆಗಳ ಮೇಲೆ ಕೂತಿದ್ದಳು. ಗಂಡ ಜವರ ಮೊದಮೊದಲು ದಿನಕ್ಕೆ ಹತ್ತು ಸಲ ಅತ್ತಿಹಣ್ಣು ತರುತ್ತಿದ್ದ. ಬರಬರುತ್ತ ಐದು ಸಲವಾಯಿತು. ಆಮೇಲೆ ಎರಡೇ ಸಲ.

"ಎಲ್ಲಿಗೆ ಹೋಗಿದ್ರಿ?" ತುಂಗಿ ಕೇಳಿದಳು.

"ಇಲ್ಲೇ."

"ಇಲ್ಲೇ ಹೋಗಿಬರೋಕೆ ಮಧ್ಯಾಹ್ನವಾಯ್ತಾ?"

"ಸುಮ್ಮನೆ ತಿನ್ನು ಮಾರಾಯ್ತಿ."

ಮಾರನೆಯ ದಿನ ಸಂದಿಯೊಳಗೆ ಬಂದದ್ದು ನೇರಳೆಹಣ್ಣು. ತುಂಗಿ ತಿನ್ನಲಿಲ್ಲ, ಮೂಸಿ ನೋಡಿದಳು. ನೇರಳೆಮರ ಇರುವುದು ಹೊಳೆಯಾಚೆ. ಇವನಿಗೆ ಆಚೆ ಏನು ಕೆಲಸ?

ಪಕ್ಕದ ಕೊಂಬೆಯ ಕೆಂದಳಿಲನ್ನು ವಿಚಾರಿಸಿದಳು.

"ನಿಮ್ಮನೆ ವಿಷಯ ನನಗ್ಯಾಕಕ್ಕ," ಅಂದಿತು ಅಳಿಲು. "ಆಚೆ ದಂಡೆಯಲ್ಲೂ ಒಂದು ಪೊಟರೆ ಇದೆಯಂತೆ. ನನಗೆ ಗೊತ್ತಿರೋದು ಅಷ್ಟೇ."

ಅಷ್ಟೇ ಸಾಕಾಯಿತು. ಗಂಡ ತಂದ ಹಣ್ಣು ಯಾರಿಗೋ ತಿನ್ನಿಸಿ ಮಿಕ್ಕಿದ ಎಂಜಲಿನಂತೆ ಕಂಡಿತು. ಕಣ್ಣಾರೆ ನೋಡಿಯೇ ಬಿಡುತ್ತೇನೆ ಎಂದು ತುಂಗಿ ಗೋಡೆ ಕುಟ್ಟಿ ಕೆಡವಿದಳು. ಹಾರೋಣವೆಂದರೆ ಗರಿಯಿಲ್ಲ. ಕುಪ್ಪಳಿಸುತ್ತ ಕೊಂಬೆಯ ತುದಿಗೆ ಹೋದಳು.

ಕೆಳಗೆ ಅವರ ಅತ್ತಿಮರ ಬೇರು ಮೇಲಾಗಿ ಬಿದ್ದಿತ್ತು. ಎಲೆಗಳು ಒಣಗಿಹೋಗಿದ್ದವು. ಹೊಳೆಯ ಮೇಲೆ ಜವರ ಬರುತ್ತಿದ್ದ. ಬಂಡೆ ಬಂಡೆಗೂ ಕೂತು, ಏದುಸಿರು ಬಿಟ್ಟು, ಮತ್ತೆ ಹಾರುತ್ತಿದ್ದ. ಕೊಕ್ಕಿನಲ್ಲಿ ನೇರಳೆ.

ಹಿಂದೆ ಪರಪರ ಸದ್ದಾಯಿತು. ತೆರೆದ ಪೊಟರೆಯೊಳಗೆ ಉಡವೊಂದು ತಲೆ ತೂರಿಸಿತ್ತು. ತುಂಗಿ ಕಿರುಚಿಕೊಂಡಳು. ಜವರ ಹಣ್ಣು ಬಿಟ್ಟು ಧಾವಿಸಿ, ಉಡದ ಬೆನ್ನನ್ನು ಕುಕ್ಕಿ ಕುಕ್ಕಿ ಓಡಿಸಿದ. ಒಳಗೆ ಒಂದು ಮೊಟ್ಟೆ ಮಾತ್ರ ಉಳಿದಿತ್ತು.

"ಮರ ಬಿದ್ದದ್ದು ಯಾಕೆ ಹೇಳಲಿಲ್ಲ?"

"ಒಳಗೆ ಕೂತು ಕೊರಗ್ತೀಯ ಅಂತ."

"ಹೊಸ ಮರ ಹುಡುಕಿದ್ದನ್ನಾದರೂ ಹೇಳಬಹುದಿತ್ತು. ಖುಷಿಪಡ್ತಿದ್ದೆ."

"ಅದನ್ನ ಹೇಳಿದ್ರೆ ಇದನ್ನೂ ಹೇಳಬೇಕಾಗ್ತಿತ್ತಲ್ಲ."

"ನಾನೂ ನೇರಳೆ ಎಲ್ಲಿಂದ ಬಂತು ಅಂತ ನಿಮ್ಮನ್ನು ಕೇಳೋದು ಬಿಟ್ಟು, ಆಚೆ ಪೊಟರೆ ಇದೆಯಂತೆ ಅನ್ನೋ ಅಳಿಲಿನ ಗಾಳಿಮಾತು ನಂಬಿದೆ," ಅಂದಳು ತುಂಗಿ.

ಜವರ ಹೊಳೆಯಿಂದ ಮಣ್ಣು ತಂದ. ತುಂಗಿ ಒಳಗಿನಿಂದ ಮೆತ್ತಿದಳು. ಗೋಡೆ ಮುಗಿದ ಮೇಲೆ ಸಂದಿಯಲ್ಲಿ ಕೊಕ್ಕು ಚಾಚಿ, "ನಾಳೆಯಿಂದ ಮೊದಲು ಮಾತು, ಆಮೇಲೆ ಹಣ್ಣು," ಅಂದಳು.

ನೀತಿ: ನಂಬಿದವರ ಹತ್ತಿರ ಕಷ್ಟವನ್ನೂ ಹೇಳಿಕೊಳ್ಳಬೇಕು, ಗೆಲುವನ್ನೂ ಹೇಳಿಕೊಳ್ಳಬೇಕು, ಎರಡನ್ನೂ ಮುಚ್ಚಿಟ್ಟರೆ ನಡುವೆ ಅನುಮಾನ ಬಂದು ಕೂರುತ್ತದೆ.