ಬೊಮ್ಮಕ್ಕ ಹಾಕಿದ ಡಾಂಬರು

ಒಂದು ಕಾಡಿನಲ್ಲಿ ಮರಗಳಿಗಿಂತ ಬಂಡೆಗಳೇ ಹೆಚ್ಚಿದ್ದವು. ಬೇಸಿಗೆಯಲ್ಲಿ ಆ ಬಂಡೆಗಳು ಬೆಳಿಗ್ಗೆಯೇ ಕಾಯತೊಡಗಿದರೆ ಹೊತ್ತು ಮುಳುಗಿದ ಮೇಲೂ ಬಿಸಿ ಬಿಡುತ್ತಿದ್ದವು. ಇಡೀ ಕಾಡಿನಲ್ಲಿ ಸಮತಟ್ಟಾದ ಜಾಗ ಒಂದೇ ಇತ್ತು. ಅದು ಒರತೆಯ ಪಕ್ಕದ ಡಾಂಬರು ಅಂಗಳ. ಹಿಂದೆ ಯಾವಾಗಲೋ ಕಲ್ಲು ಒಡೆಯಲು ಬಂದ ಮನುಷ್ಯರು ತಮ್ಮ ಲಾರಿಗಳನ್ನು ನಿಲ್ಲಿಸಲು ಅದನ್ನು ಮಾಡಿಕೊಂಡಿದ್ದರು. ಅವರು ಹೋದ ಮೇಲೆ ಅದು ಪ್ರಾಣಿಗಳ ಪಾಲಾಯಿತು. ವಾರದ ಸಂತೆ ಅಲ್ಲೇ ಸೇರುತ್ತಿತ್ತು. ಗಾಡಿಗಳು ಅಲ್ಲೇ ನಿಲ್ಲುತ್ತಿದ್ದವು. ಮದ್ದು ಕೊಡುವ ಆಮೆಯಜ್ಜಿಯ ಮನೆಗೂ ಗಾಡಿಗಳು ಅದನ್ನು ದಾಟಿಯೇ ಹೋಗಬೇಕಿತ್ತು.

ವರ್ಷಗಟ್ಟಲೆ ಬಿಸಿಲು ತಿಂದು ಆ ಡಾಂಬರು ಕಪ್ಪು ಬಣ್ಣ ಕಳೆದುಕೊಂಡಿತ್ತು. ಮೈತುಂಬ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಹುಲ್ಲು ಬೆಳೆದಿತ್ತು. ಹುಲ್ಲು ಒಣಗಿದ ಕಡೆ ಜಲ್ಲಿ ಕಿತ್ತು ಬಂದು ಗುಂಡಿಗಳಾಗಿದ್ದವು. ಎಲ್ಲಕ್ಕಿಂತ ದೊಡ್ಡ ಗುಂಡಿ ಇದ್ದದ್ದು ಪುನುಗು ಬೆಕ್ಕು ಪರಿಮಳಪ್ಪನ ಅಂಗಡಿಯ ಮುಂದೆ.

ಪರಿಮಳಪ್ಪನ ಮೈಯಿಂದ ಯಾವಾಗಲೂ ಸುವಾಸನೆ ಬರುತ್ತಿತ್ತು. ಮಾತೂ ಹಾಗೆಯೇ ಇತ್ತು. ಅವನು ಹಣ್ಣಿನ ಪಾನಕ ಮಾರುತ್ತಿದ್ದ. ಅವನ ಅಂಗಡಿಯ ಮುಂದೆ ಯಾರ ಗಾಡಿ ವಾಲಿದರೂ ಮೊದಲು ಓಡಿಬರುತ್ತಿದ್ದವನು ಅವನೇ. ಬಿದ್ದವರನ್ನು ಎಬ್ಬಿಸುತ್ತಿದ್ದ, ಧೂಳು ಕೊಡವುತ್ತಿದ್ದ, ನೀರು ಕೊಡುತ್ತಿದ್ದ. "ಅಯ್ಯೋ ಪಾಪ, ಜೋಪಾನವಾಗಿ ಹೋಗಿ" ಎನ್ನುತ್ತಿದ್ದ. ಅವರು ನೀರು ಕುಡಿಯುತ್ತಿರುವಾಗ ಅವನ ಬಾಲ ಹಿಂದಿನಿಂದ ಉರುಳಿದ ಹಣ್ಣುಗಳನ್ನೆಲ್ಲ ಮೆಲ್ಲಗೆ ಅಂಗಡಿಯೊಳಗೆ ತಳ್ಳುತ್ತಿತ್ತು. ಸೀತಾಫಲ, ಬೋರೆ, ಕಾರೆ, ಯಾವುದಾದರೂ ಸರಿ. ಸಂಜೆ ಅದೇ ಹಣ್ಣಿನ ಪಾನಕ ತಯಾರಾಗುತ್ತಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ. ಇಷ್ಟು ಒಳ್ಳೆಯವನ ಮೇಲೆ ಯಾರಿಗೆ ತಾನೇ ಅನುಮಾನ ಬಂದೀತು?

ಒಂದು ದಿನ ಚೆನ್ನಕ್ಕ ಎಂಬ ಕಡವೆ ಜ್ವರದಿಂದ ನರಳುತ್ತಿದ್ದ ತನ್ನ ಮರಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಆಮೆಯಜ್ಜಿಯ ಮನೆಗೆ ಹೊರಟಳು. ಗಾಬರಿಯಲ್ಲಿ ನೆಲ ನೋಡಲಿಲ್ಲ. ಗಾಡಿಯ ಚಕ್ರ ದೊಡ್ಡ ಗುಂಡಿಗೆ ಇಳಿಯಿತು. ಗಾಡಿ ಮಗುಚಿತು. ಮರಿ ಕೆಳಗೆ ಬಿತ್ತು. ಅದರ ಮುಂಗಾಲು ಮುರಿಯಿತು.

ಪರಿಮಳಪ್ಪ ಎಂದಿನಂತೆ ಓಡಿಬಂದ. ಚೆನ್ನಕ್ಕ ಮರಿಯನ್ನು ತಬ್ಬಿಕೊಂಡು ಅಳುತ್ತಿದ್ದಳು. ಆಮೆಯಜ್ಜಿಗೆ ಕೊಡಲೆಂದು ಅವಳು ತಂದಿದ್ದ ಹಣ್ಣುಗಳು ಅತ್ತಿತ್ತ ಉರುಳಿದ್ದವು. ಅವನು ಅವಳ ಬೆನ್ನು ಸವರಿ ಸಮಾಧಾನ ಹೇಳಿದ. ಅವನ ಬಾಲ ಮಾತ್ರ ತನ್ನ ಕೆಲಸ ಬಿಡಲಿಲ್ಲ.

ಸುದ್ದಿ ಕೇಳಿ ಹುಲಿರಾಯ ಎಲ್ಲರನ್ನೂ ಸೇರಿಸಿದ. "ಇನ್ನು ತಡಮಾಡುವುದು ಬೇಡ. ಅಂಗಳ ಸರಿಯಾಗಲೇಬೇಕು. ಗುಡ್ಡದಾಚೆಯ ಬೊಮ್ಮಕ್ಕನನ್ನು ಕರೆಸಿ" ಎಂದ.

ಬೊಮ್ಮಕ್ಕ ಒಂದು ಕರಡಿ. ದಾರಿ, ಕಟ್ಟೆ, ಮೆಟ್ಟಿಲು, ಏನು ಕೆಟ್ಟರೂ ಸುತ್ತಲಿನ ಕಾಡಿನವರು ಅವಳನ್ನೇ ಕರೆಯುತ್ತಿದ್ದರು. ಅವಳ ಜೊತೆ ಐರಣ್ಣ ಎಂಬ ಆನೆ ಬಂದ. ಅವನು ಮಾತು ಕಡಿಮೆ ಆಡುತ್ತಿದ್ದ, ಭಾರ ಹೆಚ್ಚು ಎಳೆಯುತ್ತಿದ್ದ.

ಬೊಮ್ಮಕ್ಕ ಬಂದವಳೇ ಕೆಲಸ ಶುರುಮಾಡಲಿಲ್ಲ. ಒಂದು ಕೋಲು ಹಿಡಿದು ಇಡೀ ಅಂಗಳ ತಿರುಗಿದಳು. ಅಲ್ಲಲ್ಲಿ ಬಡಿದಳು, ಕಿವಿಗೊಟ್ಟು ಕೇಳಿದಳು. ಕೆಲವು ಕಡೆ ನೀರು ಸುರಿದು ಅದು ಎತ್ತ ಹರಿಯುತ್ತದೆಂದು ಕೂತು ನೋಡಿದಳು. ಕೊನೆಗೆ ಹುಲಿರಾಯನ ಬಳಿ ಬಂದಳು.

"ರಾಯರೇ, ಮೇಲೆ ಕಪ್ಪು ಬಳಿದು ಹೋಗಬಹುದು, ಚೆನ್ನಾಗಿಯೇ ಕಾಣುತ್ತೆ. ಆದರೆ ಕೆಲವು ಕಡೆ ಅಡಿಯೇ ಸಡಿಲವಾಗಿದೆ. ಅದನ್ನು ಅಗೆದು ತೆಗೆಯಬೇಕು. ಬೇಸಿಗೆ ಮುಗಿಯುವ ತನಕ ಯಾರೂ ಇಲ್ಲಿ ಕಾಲಿಡಬಾರದು. ನಾನು ಹೇಳಿದ ಮೇಲೆಯೇ ಅಂಗಳ ತೆರೆಯಬೇಕು."

"ಅಷ್ಟು ದಿನ ಸಂತೆ ಎಲ್ಲಿ ನಡೆಸೋಣ?" ಎಂದಿತು ಮೊಲ.

"ಬಂಡೆಗಳ ಸಂದಿಯಲ್ಲಿ. ಕಷ್ಟ ಆಗುತ್ತೆ, ನನಗೂ ಗೊತ್ತು."

ಹುಲಿರಾಯ ಚೆನ್ನಕ್ಕನ ಮುಖ ನೋಡಿ ಒಪ್ಪಿಕೊಂಡ.

ಅಂದು ಸಂಜೆ ಪರಿಮಳಪ್ಪ ಒಂದು ಲೋಟ ಪಾನಕ ಹಿಡಿದು ಬೊಮ್ಮಕ್ಕನ ಬಳಿ ಹೋದ. "ಅಕ್ಕಾ, ನಿಮಗೆ ಎಷ್ಟೊಂದು ಕೆಲಸ. ನನ್ನ ಅಂಗಡಿ ಮುಂದಿನ ಗುಂಡಿಯೊಂದನ್ನು ಬಿಟ್ಟುಬಿಡಿ. ಅದನ್ನು ನಾನೇ ಮುಚ್ಚಿಕೊಳ್ತೀನಿ."

"ಹಾಗೆ ಬಿಡೋಕಾಗಲ್ಲ ತಮ್ಮಾ" ಎಂದಳು ಬೊಮ್ಮಕ್ಕ. "ಒಂದು ಕಡೆ ಬಾಯಿ ತೆರೆದಿದ್ದರೂ ಮಳೆ ನೀರು ಅಲ್ಲಿಂದಲೇ ಒಳಗಿಳಿಯುತ್ತೆ. ಆಮೇಲೆ ಎಲ್ಲ ಕಡೆ ಕಿತ್ತುಬರುತ್ತೆ. ಮೊದಲು ಅದನ್ನೇ ಮುಚ್ಚೋದು."

ಪರಿಮಳಪ್ಪ ನಕ್ಕ. ಪಾನಕವನ್ನು ತಾನೇ ಕುಡಿದು ಹೋದ.

ಕೆಲಸ ಶುರುವಾಯಿತು. ಮೊದಲು ಸಡಿಲವಾದುದನ್ನೆಲ್ಲ ಬೊಮ್ಮಕ್ಕ ತನ್ನ ಉಗುರಿನಿಂದಲೇ ಕಿತ್ತು ತೆಗೆದಳು. ಬಿರುಕುಗಳಲ್ಲಿದ್ದ ಹುಲ್ಲನ್ನು ಬೇರುಸಹಿತ ಎಳೆದಳು. ಐರಣ್ಣ ಸೊಂಡಿಲಿನಿಂದ ಜೋರಾಗಿ ಊದಿದ. ಬಿರುಕಿನ ತಳದಲ್ಲಿದ್ದ ಧೂಳೆಲ್ಲ ಹಾರಿಹೋಯಿತು. "ಧೂಳು ಉಳಿದರೆ ಡಾಂಬರು ಧೂಳನ್ನು ಹಿಡಿಯುತ್ತೆ, ನೆಲವನ್ನು ಹಿಡಿಯಲ್ಲ" ಎಂದಳು ಬೊಮ್ಮಕ್ಕ. ಐರಣ್ಣ ಇನ್ನೊಮ್ಮೆ ಊದಿದ.

ಗುಂಡಿಗಳ ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಜಲ್ಲಿ ತುಂಬಿ ದಮ್ಮಸು ಹೊಡೆದು ಗಟ್ಟಿ ಮಾಡಿದಳು. ಮನುಷ್ಯರು ಬಿಟ್ಟುಹೋಗಿದ್ದ ಡ್ರಮ್ಮುಗಳಲ್ಲಿ ಡಾಂಬರು ಕಾಯಿಸಿದಳು. ಬಿರುಕುಗಳಿಗೆ ಹುಯ್ದಳು. ನೆಲಕ್ಕೆಲ್ಲ ತೆಳುವಾಗಿ ಬಳಿದಳು. ಆಮೇಲೆ ಬಿಸಿ ಡಾಂಬರಿನಲ್ಲಿ ಜಲ್ಲಿ ಕಲಸಿ ಒಂದೇ ಸಮನಾಗಿ ಹರಡಿದಳು. ನೆಲದ ಮೇಲೆ ಉರುಳಿಸಿ ಒತ್ತಲು ಒಂದು ದುಂಡನೆಯ ರೋಣಗಲ್ಲಿಗೆ ಎರಡೂ ಕಡೆ ಹಗ್ಗ ಕಟ್ಟಿದರು. ಈ ಅಂಚಿನಿಂದ ಐರಣ್ಣ, ಆ ಅಂಚಿನಿಂದ ಕಾಡುಕೋಣಗಳು ಸರದಿಯಂತೆ ಎಳೆದರು. ಕಲ್ಲಿಗೆ ಡಾಂಬರು ಅಂಟದಂತೆ ಬೊಮ್ಮಕ್ಕ ಅದಕ್ಕೆ ನೀರು ಚಿಮುಕಿಸುತ್ತಿದ್ದಳು.

ಇದೆಲ್ಲ ನಡೆದದ್ದು ಸುಡುವ ಬಿಸಿಲಿನಲ್ಲಿ. ಮಧ್ಯಾಹ್ನ ಇಡೀ ಕಾಡು ನೆರಳು ಹುಡುಕಿ ಮಲಗುತ್ತಿತ್ತು. ಹಕ್ಕಿ ಕೂಡ ಕೂಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮೈತುಂಬ ದಟ್ಟ ಕೂದಲಿನ ಬೊಮ್ಮಕ್ಕ ಕುದಿಯುವ ಡ್ರಮ್ಮಿನ ಮುಂದೆ ನಿಂತಿರುತ್ತಿದ್ದಳು.

ಒಮ್ಮೆ ಚೆನ್ನಕ್ಕ ಅವಳಿಗೆ ಮಜ್ಜಿಗೆ ತಂದುಕೊಟ್ಟು ಕೇಳಿದಳು. "ಬೆಳಗಿನ ತಂಪಿನಲ್ಲಿ ಮಾಡಬಾರದೇನಮ್ಮ? ಈ ಬಿಸಿಲಿನಲ್ಲಿ ಹೇಗೆ ನಿಲ್ತೀಯ?"

"ಡಾಂಬರಿಗೆ ಬಿಸಿಲು ಬೇಕು ಚೆನ್ನಕ್ಕ. ನೆಲ ಚೆನ್ನಾಗಿ ಕಾದಿದ್ದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ನನಗೆ ತಂಪು ಇಷ್ಟ. ಅದಕ್ಕೆ ಇಷ್ಟ ಇಲ್ಲವಲ್ಲ, ಏನು ಮಾಡೋದು" ಎಂದು ಬೊಮ್ಮಕ್ಕ ಮಜ್ಜಿಗೆ ಕುಡಿದಳು. ಮೀಸೆಗೆ ಅಂಟಿದ್ದನ್ನೂ ನೆಕ್ಕಿಕೊಂಡಳು. ಮರಿಯ ಕಾಲು ಹೇಗಿದೆ ಎಂದು ವಿಚಾರಿಸಿದಳು. ಮತ್ತೆ ಡ್ರಮ್ಮಿನ ಕಡೆ ತಿರುಗಿದಳು.

ಚೆನ್ನಕ್ಕ ಹೋಗಿ ಈ ಮಾತನ್ನು ಎಲ್ಲರಿಗೂ ಹೇಳಿದಳು. ಮರುದಿನದಿಂದ ಒಂದೊಂದೇ ಪ್ರಾಣಿ ಮಧ್ಯಾಹ್ನದ ನಿದ್ದೆ ಬಿಟ್ಟು ಬಂಡೆಯ ಮೇಲೆ ಕೂತು ಕೆಲಸ ನೋಡತೊಡಗಿತು. ಒಂದು ದಿನ ಹುಲಿರಾಯನೇ ಬಂದ. ಅಂಗಳದ ನಡುವೆ ಹೋಗಿ ಹತ್ತಿರದಿಂದ ನೋಡಬೇಕೆಂದು ಅವನಿಗೆ ಆಸೆ. ಅವನು ಕಾಲು ಎತ್ತಿದ.

"ರಾಯರೇ, ಬೇಡ" ಎಂದಳು ಬೊಮ್ಮಕ್ಕ. "ಇನ್ನೂ ಹಸಿ."

ಹುಲಿರಾಯ ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆ ಇಟ್ಟ. ಸುಡುವ ಬಂಡೆಗಳ ಮೇಲೆ ಸುತ್ತುಬಳಸಿ ಆಚೆ ಬದಿಗೆ ಹೋದ. ಅವನೇ ಹಾಗೆ ಮಾಡಿದ ಮೇಲೆ ಬೇರೆ ಯಾರೂ ಆ ಕಡೆ ಕಾಲು ಹಾಕಲಿಲ್ಲ.

ಕೆಲಸ ಮುಗಿಯಿತು. ಅಂಗಳ ಕಪ್ಪಗೆ, ನುಣ್ಣಗೆ ಮಿಂಚುತ್ತಿತ್ತು. ಆದರೂ ಯಾರೂ ಕಾಲಿಡದಂತೆ ಸುತ್ತ ಕಟ್ಟಿದ್ದ ಹಗ್ಗವನ್ನು ಬೊಮ್ಮಕ್ಕ ಬಿಚ್ಚಲಿಲ್ಲ. "ಇನ್ನೂ ಆರಬೇಕು. ನಾನು ದಿನಾ ನೋಡ್ತಾ ಇರ್ತೀನಿ" ಎಂದಳು.

ಪರಿಮಳಪ್ಪನಿಗೆ ಇದೇ ಸಮಯ ಅನ್ನಿಸಿತು. ಅಂಗಳದ ಮೇಲೆ ಪಾದಗಳ ಗುರುತು ಬಿದ್ದರೆ ಸಾಕು, ಡಾಂಬರು ಕಿತ್ತುಬರುತ್ತದೆ, ಮತ್ತೆ ಗುಂಡಿಯಾಗುತ್ತದೆ. ಒಂದು ಮುಂಜಾನೆ ಅವನು ಅಂಚಿನಲ್ಲಿ ಪಂಜ ಒತ್ತಿ ನೋಡಿದ. ತಂಪಿನಲ್ಲಿ ಅದು ಕಲ್ಲಿನಂತಿತ್ತು. ತನ್ನೊಬ್ಬನ ಪಂಜಕ್ಕೆ ಗುರುತು ಬೀಳದಿದ್ದರೂ ಇಡೀ ಸಂತೆಯ ಭಾರಕ್ಕೆ ಬಿದ್ದೀತು ಎಂದುಕೊಂಡು ತಕ್ಷಣ ಅವನು ಬಂಡೆ ಸಂದಿಯ ಸಂತೆಗೆ ಹೋದ. ಅಲ್ಲಿ ಎಲ್ಲರೂ ಇಕ್ಕಟ್ಟಿನಲ್ಲಿ ಬೇಯುತ್ತಿದ್ದರು.

"ಅಂಗಳ ಕಲ್ಲಿನ ಹಾಗೆ ಗಟ್ಟಿಯಾಗಿದೆ. ನಾನೇ ಮುಟ್ಟಿ ನೋಡಿದೆ" ಎಂದ. "ಬೊಮ್ಮಕ್ಕ ಸುಮ್ಮನೆ ದಿನ ತಳ್ತಿದಾಳೆ. ಎಲ್ಲರೂ ತನ್ನನ್ನು ಹೊಗಳೋದು ಅವಳಿಗೆ ಹಿಡಿಸಿಬಿಟ್ಟಿದೆ. ಕೆಲಸ ಮುಗಿದರೆ ಹೊಗಳಿಕೆಯೂ ಮುಗಿಯುತ್ತಲ್ಲ. ನೀವು ಇಲ್ಲಿ ಯಾಕೆ ಒದ್ದಾಡ್ತೀರಿ?"

ಕೆಲವರಿಗೆ ನಿಜವಿರಬಹುದು ಎನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಸೆಕೆ ತಾಳಲಾರದೆ ಸಾಮಾನು ಹೊತ್ತು ಅಂಗಳದ ಅಂಚಿಗೆ ಬಂದೂಬಿಟ್ಟರು. ಬೊಮ್ಮಕ್ಕ, ಐರಣ್ಣ ಇಬ್ಬರೂ ಒರತೆಗೆ ಹೋಗಿದ್ದರು.

"ಮೊದಲು ನೀನು ಹೋಗಿ ತೋರಿಸು" ಎಂದಿತು ಮೊಲ.

ಪರಿಮಳಪ್ಪ ಬಾಲ ಎತ್ತಿಕೊಂಡು ಹೊರಟ. ಮೊದಲ ನಾಲ್ಕು ಹೆಜ್ಜೆ ಗತ್ತಿನಲ್ಲೇ ಹಾಕಿದ. ನಡುಮಧ್ಯಕ್ಕೆ ಬರುವಷ್ಟರಲ್ಲಿ ಅವನ ನಡಿಗೆ ನಿಧಾನವಾಯಿತು. ಬೆಳಿಗ್ಗೆ ಕಲ್ಲಿನಂತಿದ್ದ ಡಾಂಬರು ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾಗಿತ್ತು. ಅವನ ಪಂಜಗಳು ಒಳಗಿಳಿದವು. ಎತ್ತಲು ಹೋದರೆ ಬರಲಿಲ್ಲ. ಕಾಲಡಿ ಚುರುಗುಟ್ಟತೊಡಗಿತು.

"ಗಟ್ಟಿ ಇದೆಯಾ?" ಎಂದು ಮೊಲ ಕೂಗಿ ಕೇಳಿತು.

"ಗಟ್ಟಿ ಇದೆ" ಎಂದ ಪರಿಮಳಪ್ಪ.

"ಮತ್ತೆ ಯಾಕೆ ನಿಂತೆ?"

"ಇಲ್ಲಿಂದ ನೋಟ ಚೆನ್ನಾಗಿದೆ."

"ಆಚೆ ಬದಿಗೆ ಹೋಗು, ನಾವೂ ಬರ್ತೀವಿ."

"ಹೋಗ್ತೀನಿ. ಏನವಸರ" ಎಂದ. ಸುಸ್ತಾಗಿ ಕೂತುಬಿಟ್ಟ. ಕೂತದ್ದೇ ತಪ್ಪಾಯಿತು. ಅವನ ಸೊಂಪಾದ ಬಾಲವೂ ಡಾಂಬರಿಗೆ ಅಂಟಿಕೊಂಡಿತು. ಎಲ್ಲರಿಗೂ ವಿಷಯ ಅರ್ಥವಾಯಿತು. ಯಾರೂ ಕಾಲಿಡಲಿಲ್ಲ. ಕೊನೆಗೆ ಅವನು ಸಣ್ಣ ದನಿಯಲ್ಲಿ, "ಯಾರಾದರೂ ಬೊಮ್ಮಕ್ಕನನ್ನು ಕರೀರಿ" ಎಂದ.

ಬೊಮ್ಮಕ್ಕ ಓಡಿಬಂದಳು. ಬೈಯಲಿಲ್ಲ. ಹಲಗೆ ಹಾಸಿ, ಅದರ ಮೇಲೆ ತೆವಳಿಕೊಂಡು ಅವನ ಬಳಿ ಹೋದಳು. "ಅಲುಗಾಡಬೇಡ. ಎಳೆದರೆ ಚರ್ಮವೂ ಬರುತ್ತೆ" ಎಂದು ಅವನ ಪಂಜಗಳಿಗೆ ಹೊಂಗೆ ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ಬಿಡಿಸಿದಳು.

"ಅಕ್ಕಾ, ನಾನು ಸುಮ್ಮನೆ ಪರೀಕ್ಷೆ ಮಾಡ್ತಿದ್ದೆ" ಎಂದ ಪರಿಮಳಪ್ಪ.

"ಆಯ್ತು. ಬಾಲ ನೆಟ್ಟಗೆ ಹಿಡಿ."

ಬಾಲ ಬಿಡಲಿಲ್ಲ. ಅದರ ಕೂದಲನ್ನೆಲ್ಲ ಕತ್ತರಿಸಬೇಕಾಯಿತು. ಇಲಿಯ ಬಾಲದಂತಾದ ಬಾಲ ಹೊತ್ತು ಅವನು ಆಮೆಯಜ್ಜಿಯ ಮನೆಗೆ ಕುಂಟುತ್ತಾ ಹೋದ. ಬೊಮ್ಮಕ್ಕ ಕೂದಲು ಸೇರಿದ ಡಾಂಬರನ್ನು ಕೆತ್ತಿ ತೆಗೆದಳು. ಮತ್ತೆ ಡ್ರಮ್ಮಿಗೆ ಬೆಂಕಿ ಹಾಕಿದಳು. ಅವನು ನಡೆದಲ್ಲೆಲ್ಲ ಹೊಸದಾಗಿ ಹಾಕಿದಳು. ಸಂತೆಯವರು ತಲೆತಗ್ಗಿಸಿ ಸಾಮಾನು ಹೊತ್ತು ವಾಪಸು ಹೋದರು. ಈ ಸಲ ಯಾರೂ ಗೊಣಗಲಿಲ್ಲ.

ಬೇಸಿಗೆಯ ಕೊನೆಗೆ ಬೊಮ್ಮಕ್ಕ ಉರಿಬಿಸಿಲಿನಲ್ಲಿ ಅಂಗಳದ ನಡುವೆ ನಿಂತು ಕಾಲು ಊರಿ ತಿರುಗಿಸಿದಳು. ಗುರುತು ಬೀಳಲಿಲ್ಲ. ಆಗ ಹಗ್ಗ ಬಿಚ್ಚಿದಳು.

ಗಾಡಿಗಳು ಸದ್ದಿಲ್ಲದೆ ಸಾಗಿದವು. ಯಾರೂ ಎಡವಲಿಲ್ಲ, ಏನೂ ಉರುಳಲಿಲ್ಲ. ಸೆಕೆಗೆ ಬಾಯಾರಿದ ಮೊಲ ಪರಿಮಳಪ್ಪನ ಅಂಗಡಿಗೆ ಹೋಯಿತು. "ಒಂದು ಲೋಟ ಪಾನಕ ಕೊಡಪ್ಪ."

"ಇವತ್ತು ಹಣ್ಣು ಸಿಗಲಿಲ್ಲ" ಎಂದ ಅವನು.

"ಪ್ರತಿ ಸಂತೆಗೂ ಎಲ್ಲಿಂದ ಸಿಗ್ತಿತ್ತು?"

ಪರಿಮಳಪ್ಪ ಖಾಲಿ ಲೋಟ ಒರೆಸತೊಡಗಿದ. ಅಲ್ಲೇ ನಿಂತಿದ್ದ ಚೆನ್ನಕ್ಕ ಅವನನ್ನು ನೋಡಿದಳು. ಅಂಗಡಿಯ ಮುಂದಿನ ಸಮನಾದ ನೆಲವನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು. "ನನ್ನ ಮರಿ ಕಾಲು ಮುರಿದುಕೊಂಡು ಬಿದ್ದಿದ್ದಾಗಲೂ ಹಣ್ಣು ಆರಿಸಿಕೊಂಡೆಯಾ?" ಎಂದಳು. ಅವಳ ದನಿ ಏರಲಿಲ್ಲ. ಆದರೆ ಇಡೀ ಸಂತೆಗೆ ಕೇಳಿಸಿತು. ಪರಿಮಳಪ್ಪ ಅಂಗಡಿಯ ಪರದೆ ಇಳಿಸಿದ. ಆಮೇಲೆ ಅವನ ಬಳಿ ಯಾರೂ ಪಾನಕ ಕೊಳ್ಳಲಿಲ್ಲ. ಹೊಟ್ಟೆಪಾಡಿಗೆ ಅವನು ತಾನೇ ಮರ ಹತ್ತಿ ಹಣ್ಣು ಕೀಳಬೇಕಾಯಿತು.

ಮೊದಲ ಮಳೆ ಜೋರಾಗಿ ಬಂತು. ಎಲ್ಲರೂ ನೆನೆಯುತ್ತಾ ಅಂಗಳದ ಸುತ್ತ ನಿಂತರು. ನೀರು ಎಲ್ಲಿ ನಿಲ್ಲುತ್ತದೋ ಎಂದು ಅವರಿಗೆ ಆತಂಕ. ನೀರು ಎಲ್ಲಿಯೂ ನಿಲ್ಲಲಿಲ್ಲ. ಅಂಗಳದ ಮೇಲೆ ತೆಳ್ಳಗೆ ಜಾರಿ, ಬೊಮ್ಮಕ್ಕ ಅಂಚಿನಲ್ಲಿ ತೋಡಿದ್ದ ಚರಂಡಿ ಸೇರಿ, ಒರತೆಯ ಕಡೆ ಹರಿದುಹೋಯಿತು. ಮಳೆ ನಿಂತಾಗ ನೆಲದ ಮೇಲೆ ಒಂದು ಬೊಗಸೆ ನೀರೂ ಇರಲಿಲ್ಲ.

"ಬೊಮ್ಮಕ್ಕ ಎಲ್ಲಿ? ಅವಳು ಇದನ್ನು ನೋಡಬೇಕು" ಎಂದ ಹುಲಿರಾಯ.

ಎಲ್ಲರೂ ಅವಳಿದ್ದ ಗುಹೆಗೆ ಹೋದರು. ಬಾಗಿಲಲ್ಲಿ ಐರಣ್ಣ ನಿಂತಿದ್ದ. ಒಳಗೆ ಬೊಮ್ಮಕ್ಕ ತಣ್ಣನೆಯ ನೆಲದ ಮೇಲೆ ಕೈಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ಉಗುರುಗಳಲ್ಲಿ ಇನ್ನೂ ಡಾಂಬರು ಅಂಟಿತ್ತು.

"ಮಳೆ ಬಂದದ್ದು ಅವಳಿಗೆ ಗೊತ್ತಾಗಲಿಲ್ಲವೇ?" ಎಂದು ಹುಲಿರಾಯ ಕೇಳಿದ.

"ಗೊತ್ತಾಯಿತು" ಎಂದ ಐರಣ್ಣ. "ಸದ್ಯ ತಂಪಾಯಿತು ಅಂದಳು, ಮಲಗಿದಳು. ನೀರು ಎತ್ತ ಹೋಗುತ್ತೆ ಅಂತ ಅವಳಿಗೆ ಗೊತ್ತಲ್ಲ, ಬಂದು ನೋಡೋದೇನಿದೆ?"

ಹುಲಿರಾಯ ಅವಳ ನಿದ್ದೆ ಕೆಡದಂತೆ ಪಂಜ ಎತ್ತಿಟ್ಟು ಹಿಂದಕ್ಕೆ ಸರಿದ. ಉಳಿದವರೂ ಅವನ ಹಿಂದೆಯೇ ಸದ್ದು ಮಾಡದೆ ನಡೆದುಹೋದರು.

ನೀತಿ: ಅವಸರಪಡದೆ ಅಡಿಯಿಂದಲೇ ಗಟ್ಟಿಯಾಗಿ ಮಾಡಿದ ಕೆಲಸ ಎಲ್ಲರಿಗೂ ಆಸರೆಯಾಗುತ್ತದೆ; ಇತರರ ಕಷ್ಟದಿಂದ ಲಾಭ ಮಾಡಿಕೊಳ್ಳುವವನ ಬದುಕು ಆ ಕಷ್ಟ ತೀರಿದ ದಿನವೇ ಬರಿದಾಗುತ್ತದೆ.